‘ಎರಡೇ ನಿಮಿಷ, ತಡ್ಕೊಳ್ಳಿ’ ಅಂದಾಗ ಏನು ಕೇಳಬೇಕು?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕಾಯಿಲೆಗಿಂತ ತಪಾಸಣೆಯ ಮೇಜಿನ ಮೇಲೆ ಪಟ್ಟ ನೋವಿನ ಮಾತೇ ಹೆಚ್ಚು. ಹೆಸರು, ಆಸ್ಪತ್ರೆ ಎರಡನ್ನೂ ಬಿಟ್ಟು ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಎರಡೂ ಹೆರಿಗೆ ಸಿಸೇರಿಯನ್. ಸಣ್ಣವನಿಗೆ ಎಂಟು ತಿಂಗಳು, ಇನ್ನೂ ಹಾಲು ಕುಡಿಯುತ್ತಾನೆ. ಸದ್ಯಕ್ಕೆ ಮಕ್ಕಳಾಗದಿರಲೆಂದು ವಂಕಿ ಹಾಕಿಸಿಕೊಳ್ಳಲು ಹೋದಾಗ ‘ಇರುವೆ ಕಚ್ಚಿದ ಹಾಗೆ ಆಗ್ತದೆ, ಅಷ್ಟೇ’ ಅಂದರು. ನನಗೆ ಕಣ್ಣು ಕತ್ತಲೆ ಬಂದು, ಮೈಯೆಲ್ಲ ಬೆವೆತು, ಅರ್ಧಕ್ಕೇ ಬಿಟ್ಟು ಬಂದೆ. ನನ್ನ ಅಕ್ಕ ಹಾಕಿಸಿಕೊಂಡ ದಿನವೇ ಗದ್ದೆಗೆ ಹೋಗಿದ್ದಳು. ನನಗೆ ಮಾತ್ರ ಯಾಕೆ ಹೀಗೆ? ಮತ್ತೆ ಹೋಗಲೋ ಬೇಡವೋ? — ಕುಮಟಾ

ನಿಮ್ಮ ಅಕ್ಕನಿಗೆ ಸಹಜ ಹೆರಿಗೆ ಆಗಿದ್ದಿರಬೇಕು. ಒಮ್ಮೆ ಮಗು ದಾಟಿ ಬಂದ ಗರ್ಭಕೋಶದ ಬಾಯಿ ಸ್ವಲ್ಪ ಸಡಿಲವಾಗಿರುತ್ತದೆ. ಸಿಸೇರಿಯನ್ ಮಾತ್ರ ಆದವರಲ್ಲಿ, ಮಕ್ಕಳೇ ಆಗದವರಲ್ಲಿ ಅದು ಬಿಗಿ. ಮುಟ್ಟಿನ ನೋವು ಜೋರಾಗಿ ಇರುವವರಿಗೂ, ಹಿಂದೊಮ್ಮೆ ಇಂಥದೇ ತಪಾಸಣೆಯಲ್ಲಿ ಹೆದರಿದವರಿಗೂ ನೋವು ಹೆಚ್ಚು. ಇದರಲ್ಲಿ ನಿಮ್ಮ ಧೈರ್ಯದ ಪ್ರಶ್ನೆ ಏನೂ ಇಲ್ಲ.

ವಂಕಿ, ಅಂದರೆ ಕಾಪರ್‌-ಟಿ 380ಎ, 32 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದದ ಸಣ್ಣ ವಸ್ತು. ಅದನ್ನು ಕೂರಿಸುವಾಗ ನೋವು ಮೂರು ಬೇರೆ ಬೇರೆ ಕ್ಷಣದಲ್ಲಿ ಬರುತ್ತದೆ. ಮೊದಲನೆಯದು, ಗರ್ಭಕೋಶದ ಬಾಯಿ ಅಲ್ಲಾಡದಂತೆ ಹಲ್ಲಿರುವ ಇಕ್ಕಳದಿಂದ ಹಿಡಿದಾಗ. ಚಿವುಟಿದ ಹಾಗೆ ಚುರ್ ಎನ್ನುತ್ತದೆ. ಎರಡನೆಯದು, ಗರ್ಭಕೋಶದ ಆಳ ಅಳೆಯಲು ಸಣ್ಣ ಕಡ್ಡಿ ಒಳಗೆ ಹೋಗಿ ತುದಿ ಮುಟ್ಟಿದಾಗ. ಆಳ ಸಾಧಾರಣವಾಗಿ 6ರಿಂದ 9 ಸೆಂಟಿಮೀಟರ್. ಆರಕ್ಕಿಂತ ಕಡಿಮೆ ಇದ್ದರೆ ವಂಕಿ ಹಾಕುವುದಿಲ್ಲ. ಮೂರನೆಯದು, ವಂಕಿಯ ಎರಡು ತೋಳು ಒಳಗೆ ಬಿಚ್ಚಿಕೊಂಡಾಗ ಬರುವ ಹಿಂಡುವ ನೋವು, ಮುಟ್ಟಿನ ಮೊದಲ ದಿನದ ಹಾಗೆ, ಅದಕ್ಕಿಂತ ಗಟ್ಟಿಯಾಗಿ. ಆಮೇಲೆ ದಾರ 3 ಸೆಂಟಿಮೀಟರ್ ಬಿಟ್ಟು ಕತ್ತರಿಸುವುದು ನಿಮಗೆ ಗೊತ್ತೂ ಆಗುವುದಿಲ್ಲ.

ಇಷ್ಟು ವಿವರ ಯಾಕೆಂದರೆ, ಒಂದೇ ಔಷಧ ಮೂರಕ್ಕೂ ಸಾಲುವುದಿಲ್ಲ. ಗರ್ಭಕೋಶದ ಬಾಯಿಯ ಸುತ್ತಣ ನರಗಳು ಬೆನ್ನುಹುರಿಯ ಕೆಳತುದಿಯಿಂದ ಬರುತ್ತವೆ, ಮೇಲ್ಭಾಗದವು ಸೊಂಟಕ್ಕಿಂತ ಮೇಲಿನಿಂದ. ಬಾಯಿಯ ಸುತ್ತ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಮೊದಲಿನ ಎರಡು ನೋವನ್ನು ಚೆನ್ನಾಗಿ ತಗ್ಗಿಸುತ್ತದೆ, ಮೂರನೆಯದನ್ನು ಅಷ್ಟಾಗಿ ಅಲ್ಲ. ಐಬುಪ್ರೊಫೆನ್‌ನಂಥ ಮಾತ್ರೆಯದು ಇದರ ಉಲ್ಟಾ: ಹಾಕುವ ಕ್ಷಣದ ನೋವಿಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ, ಆಮೇಲಿನ ಹಿಂಡುವಿಕೆಗೆ ಇದೆ. ‘ಮಾತ್ರೆ ತಗೊಂಡೇ ಹೋಗಿದ್ದೆ, ಆದರೂ ಜೀವ ಹೋಯ್ತು’ ಎಂದು ಹಲವರು ಹೇಳುವುದು ಅದಕ್ಕೇ.

ಇಂಜೆಕ್ಷನ್ ಕೊಡುವ ಕ್ರಮ ಹೀಗೆ. ಲಿಗ್ನೊಕೇನ್ ಶೇ. 1ರದ್ದು, 10ರಿಂದ 20 ಮಿಲಿ. ಇಕ್ಕಳ ಹಿಡಿಯುವ ಜಾಗಕ್ಕೆ ಮೊದಲು ಒಂದೆರಡು ಮಿಲಿ. ಉಳಿದದ್ದನ್ನು, ಗರ್ಭಕೋಶದ ಬಾಯಿಯನ್ನು ಗಡಿಯಾರ ಎಂದುಕೊಂಡರೆ ನಾಲ್ಕು ಮತ್ತು ಎಂಟು ಗಂಟೆಯ ಜಾಗದಲ್ಲಿ, ಸೂಜಿ ರಕ್ತನಾಳಕ್ಕೆ ಹೊಕ್ಕಿಲ್ಲ ಎಂದು ಹಿಂದಕ್ಕೆ ಎಳೆದು ನೋಡಿ, ನಿಧಾನವಾಗಿ. ಆಮೇಲೆ ಕನಿಷ್ಠ 3 ನಿಮಿಷ ಕಾಯಬೇಕು. ಹೆಚ್ಚಿನ ಕಡೆ ತಪ್ಪುವುದು ಇಲ್ಲೇ. ಸೂಜಿ ತೆಗೆದ ಕೂಡಲೇ ಇಕ್ಕಳ ಎತ್ತಿದರೆ ಇಂಜೆಕ್ಷನ್ ಕೊಟ್ಟೂ ಕೊಡದ ಹಾಗೆ, ಚುಚ್ಚಿಸಿಕೊಂಡ ನೋವು ಬಡ್ಡಿ. ಪ್ರಮಾಣಕ್ಕೆ ಮಿತಿಯೂ ಉಂಟು: ತೂಕದ ಕಿಲೋಗೆ 4.5 ಮಿಲಿಗ್ರಾಂ. 45 ಕಿಲೋ ತೂಕದವರಿಗೆ ಹೆಚ್ಚೆಂದರೆ 200 ಮಿಲಿಗ್ರಾಂ, ಅಂದರೆ ಶೇ. 1ರದ್ದು 20 ಮಿಲಿ, ಬಾಟಲಿ ಶೇ. 2ರದ್ದಾದರೆ ಹತ್ತೇ ಮಿಲಿ. ಕಿವಿಯಲ್ಲಿ ಗುಂಯ್ ಅಂದರೆ, ತುಟಿ ಜೋಮು ಹಿಡಿದರೆ, ಬಾಯಿಗೆ ಲೋಹದ ರುಚಿ ಬಂದರೆ ಆ ಕೂಡಲೇ ಹೇಳಿ. ಸೂಜಿ ಬೇಡವೆಂದರೆ ಶೇ. 10ರ ಲಿಗ್ನೊಕೇನ್ ಸ್ಪ್ರೇ ಇದೆ, ಅದಕ್ಕೂ ಅಷ್ಟೇ ಹೊತ್ತು ಕಾಯಬೇಕು. ಮಗುವಿಗೆ ಹಾಲು ಕೊಡಲು ಇದ್ಯಾವುದೂ ಅಡ್ಡಿಯಲ್ಲ.

ಬಾಯಿ ಮೆತ್ತಗಾಗಲೆಂದು ಹಿಂದಿನ ರಾತ್ರಿ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುವ ರೂಢಿ ಕೆಲವೆಡೆ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಸೂಚನೆಯಲ್ಲಿ ಅದನ್ನು ಎಲ್ಲರಿಗೂ ಕೊಡುವುದು ಬೇಡ ಎಂದಿದೆ, ಲಿಗ್ನೊಕೇನ್‌ನಿಂದ ನೋವು ತಗ್ಗಬಹುದು ಎಂದಿದೆ. ಮಾತ್ರೆಯಿಂದ ಹೊಟ್ಟೆ ಮುರಿತ, ಭೇದಿ ಮಾತ್ರ ಖಾತ್ರಿ. ಆದರೆ ಮೊದಲ ಸಲ ವಂಕಿ ಒಳಗೆ ಹೋಗದೆ ವಾಪಸಾದವರಿಗೆ ವೈದ್ಯರು ಯೋಚಿಸಿ ಕೊಟ್ಟರೆ ಅದು ಬೇರೆ ಮಾತು.

ಇನ್ನು ನಿಮ್ಮ ಕಣ್ಣು ಕತ್ತಲೆ. ಗರ್ಭಕೋಶದ ಬಾಯಿ ಎಳೆದಾಗ ಕೆಲವರಲ್ಲಿ ನಾಡಿ ನಿಧಾನವಾಗಿ, ರಕ್ತದೊತ್ತಡ ಇಳಿದು, ತಣ್ಣನೆ ಬೆವರು ಬರುತ್ತದೆ. ಆಗ ಎದ್ದು ಕೂತರೆ ಬಿದ್ದಿರಿ ಎಂದೇ ಲೆಕ್ಕ. ಉಪಕರಣ ತೆಗೆದು, ಕಾಲು ಮೇಲೆ ಮಾಡಿ, ಮಲಗಿಸಬೇಕು. ಖಾಲಿ ಹೊಟ್ಟೆಯಲ್ಲಿ ಹೋದರೆ ಇದು ಜಾಸ್ತಿ.

ಹಾಗಾಗಿ ಇನ್ನೊಮ್ಮೆ ಧಾರಾಳವಾಗಿ ಹೋಗಬಹುದು, ಈ ತಯಾರಿಯಲ್ಲಿ: ಮುಟ್ಟು ಶುರುವಾಗಿ 12 ದಿನದೊಳಗೆ, ಹೊಟ್ಟೆಗೆ ತಿಂಡಿ, ಒಂದು ಗಂಟೆ ಮೊದಲು ಐಬುಪ್ರೊಫೆನ್ 400 ಮಿಲಿಗ್ರಾಂ (ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಗೆ ಉಬ್ಬಸ ಬರುವವರು ಬಿಟ್ಟು). ಮೇಜು ಹತ್ತುವ ಮೊದಲೇ, ಸೀರೆ ಉಟ್ಟಿರುವಾಗಲೇ, ‘ಹೋದ ಸಲ ಕಣ್ಣು ಕತ್ತಲೆ ಬಂದಿತ್ತು, ಮರಗಟ್ಟಿಸಿ ಹಾಕ್ತೀರಾ?’ ಎಂದು ಕೇಳಿ. ಇಲ್ಲ ಎಂದರೆ ಇನ್ನೊಂದು ಕಡೆ ಹೋಗಿ. 10 ವರ್ಷ ಉಳಿಯುವ ವಸ್ತುವಿಗೆ ಒಂದು ವಾರ ತಡವಾದರೆ ಏನೂ ಹೋಗುವುದಿಲ್ಲ. ಅಲ್ಲಿವರೆಗೆ ಬೇರೆ ಮುಂಜಾಗ್ರತೆ ಇರಲಿ.

ಮದುವೆಯಾಗಿ ನಾಲ್ಕು ವರ್ಷ. ಹುಬ್ಬಳ್ಳಿಗೆ ಹೋಗಿ ಟ್ಯೂಬ್ ಟೆಸ್ಟ್ ಮಾಡಿಸಿ ಬಾ ಎಂದು ಚೀಟಿ ಕೊಟ್ಟಿದ್ದಾರೆ. ಮಾಡಿಸಿಕೊಂಡವರು ಹೇಳುವುದು ಕೇಳಿ ಕೈಕಾಲು ನಡುಗುತ್ತಿದೆ. — ಶಿರಸಿ

ಇದು ಎಕ್ಸ್‌ರೇ ಕೋಣೆಯಲ್ಲಿ ನಡೆಯುವ ಪರೀಕ್ಷೆ. ಸಣ್ಣ ನಳಿಕೆಯಿಂದ ಗರ್ಭಕೋಶಕ್ಕೆ ದ್ರವ ಬಿಟ್ಟು, ಅದು ಎರಡೂ ಟ್ಯೂಬ್ (ಅಂಡನಾಳ) ದಾಟಿ ಹೊಟ್ಟೆಯೊಳಗೆ ಚೆಲ್ಲುತ್ತದೋ ಎಂದು ನೋಡುತ್ತಾರೆ. ನೋವು ಬರುವುದು ದ್ರವ ಒಳಗೆ ತುಂಬಿ ಗರ್ಭಕೋಶ ಹಿಗ್ಗುವಾಗ. ಟ್ಯೂಬ್ ಮುಚ್ಚಿದ್ದರೆ ದ್ರವಕ್ಕೆ ದಾರಿಯಿಲ್ಲದೆ ಇನ್ನೂ ಹೆಚ್ಚು.

ಹಲವರಿಗೆ ಯಾರೂ ಹೇಳದ ಒಂದು ಸಂಗತಿ ಇಲ್ಲಿದೆ. ಟ್ಯೂಬ್ ಗರ್ಭಕೋಶಕ್ಕೆ ಸೇರುವ ಮೂಲೆಯಲ್ಲಿ ಸ್ನಾಯುವಿದೆ. ನೋವು, ಹೆದರಿಕೆ, ರಭಸದಲ್ಲಿ ನುಗ್ಗಿದ ತಣ್ಣನೆಯ ದ್ರವ, ಇವುಗಳಿಂದ ಅದು ಸೆಟೆದುಕೊಂಡರೆ ತೆರೆದಿರುವ ಟ್ಯೂಬೂ ಫಿಲ್ಮಿನಲ್ಲಿ ಮುಚ್ಚಿದ ಹಾಗೆ ಕಾಣಬಹುದು. ಆಮೇಲೆ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವುದು), ಅದಕ್ಕೊಂದು ಖರ್ಚು. ಆದ್ದರಿಂದ ನೋವು ತಗ್ಗಿಸಿ ಎಂದು ಕೇಳಿದರೆ ನಿಮ್ಮ ಸುಖವನ್ನಷ್ಟೇ ಕೇಳಿದ ಹಾಗಲ್ಲ, ಸರಿಯಾದ ರಿಪೋರ್ಟನ್ನೂ ಕೇಳಿದ ಹಾಗೆ. ‘ದ್ರವ ಮೈಬಿಸಿಗೆ ಬೆಚ್ಚಗೆ ಮಾಡಿದ್ದೀರಾ? ನಿಧಾನ ಬಿಡ್ತೀರಾ? ಸೆಡೆತ ಬಿಡಿಸುವ ಇಂಜೆಕ್ಷನ್ ಇದೆಯಾ?’ ಈ ಮೂರು ಪ್ರಶ್ನೆ ಚೀಟಿಯ ಹಿಂದೆ ಬರೆದುಕೊಳ್ಳಿ. ದ್ರವಕ್ಕೆ ಅಯೋಡಿನ್ ಇರುವುದರಿಂದ, ಹಿಂದೆ ಇಂಥ ಔಷಧಕ್ಕೆ ಅಲರ್ಜಿ ಆಗಿದ್ದರೆ ಅದನ್ನೂ ಹೇಳಬೇಕು.

ದಿನ: ಆ ತಿಂಗಳ ಮುಟ್ಟು ನಿಂತ ಮೇಲೆ, ಮುಟ್ಟು ಶುರುವಾದ ದಿನದಿಂದ ಹತ್ತನೇ ದಿನದೊಳಗೆ. ಆ ಮಧ್ಯೆ ಗಂಡ-ಹೆಂಡತಿ ಸೇರಬಾರದು. ಒಂದು ಗಂಟೆ ಮೊದಲು ತಿಂಡಿಯ ಜೊತೆ ನೋವಿನ ಮಾತ್ರೆ. ಮುಗಿದ ಮೇಲೆ ಭುಜ ನೋವು ಬಂದರೆ ಗಾಬರಿ ಬೇಡ, ಹೊಟ್ಟೆಗೆ ಚೆಲ್ಲಿದ ದ್ರವದ ಕಿರಿಕಿರಿ ಅಲ್ಲಿ ಕಾಣಿಸಿಕೊಳ್ಳುತ್ತದೆ. ಅಂಟಂಟು ದ್ರವ ಸೋರುವುದರಿಂದ ಪ್ಯಾಡ್ ಇರಲಿ. ಅರ್ಧ ಗಂಟೆ ಮಲಗಿ ಆಮೇಲೆ ಬಸ್ಸು ಹತ್ತಿ. ಮುಂದಿನ ಎರಡು-ಮೂರು ದಿನದಲ್ಲಿ ಜ್ವರ, ವಾಸನೆಯ ಸ್ರಾವ, ಏರುತ್ತಿರುವ ನೋವು ಬಂದರೆ ಮಾತ್ರ ಮನೆಯಲ್ಲಿ ಕೂರಬೇಡಿ.

ತಾಯಿಗೆ 56. ಮುಟ್ಟು ನಿಂತು ಐದು ವರ್ಷದ ಮೇಲೆ ರಕ್ತ ಕಂಡಿತು. ‘ಕ್ಲೀನ್ ಮಾಡಿ ಟೆಸ್ಟಿಗೆ ಕಳಿಸೋಣ’ ಅಂದಿದ್ದಾರೆ. ಹೋದ ಸಲ ರಾತ್ರಿಯಿಂದ ಮಧ್ಯಾಹ್ನ ಎರಡರವರೆಗೆ ಹನಿ ನೀರೂ ಇಲ್ಲದೆ ಕೂರಿಸಿ, ಕೊನೆಗೆ ನಾಳೆ ಬನ್ನಿ ಅಂದರು. — ಅಂಕೋಲಾ

ಮೊದಲಿಗೆ, ಪರೀಕ್ಷೆ ತಪ್ಪಿಸಬೇಡಿ. ಮುಟ್ಟು ನಿಂತ ಮೇಲೆ ಕಂಡ ರಕ್ತವನ್ನು ಒಂದೇ ಸಲ ಕಂಡಿದ್ದರೂ ನೋಡಲೇಬೇಕು.

ಇದಕ್ಕೆ ಎರಡು ದಾರಿ. 3 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ನಳಿಕೆ (ಪೈಪೆಲ್ ಎನ್ನುತ್ತಾರೆ) ಒಳಗಿಟ್ಟು ಚೂರು ಅಂಗಾಂಶ ಎಳೆದು ತೆಗೆಯುವುದು; ಹೊರರೋಗಿ ವಿಭಾಗದಲ್ಲೇ ಆಗುತ್ತದೆ, ಹೆಚ್ಚೆಂದರೆ ಒಂದೆರಡು ನಿಮಿಷ ಹಿಂಡುವ ನೋವು, ಉಪವಾಸ ಬೇಡ. ಇನ್ನೊಂದು, ನೀವು ಹೇಳುವ ‘ಕ್ಲೀನ್’, ಅಂದರೆ ಡಿ ಆ್ಯಂಡ್ ಸಿ. ಬಾಯಿ ಅಗಲಿಸಿ ಕೆರೆಯುವುದರಿಂದ ಇದಕ್ಕೆ ಅರಿವಳಿಕೆ ಬೇಕು. ಎಚ್ಚರವಿರುವಾಗ ಬರೀ ಒಂದು ನೋವಿನ ಇಂಜೆಕ್ಷನ್ ಮೇಲೆ ಮಾಡುತ್ತೇವೆ ಎಂದರೆ ಒಪ್ಪಬೇಡಿ. ಪೈಪೆಲ್ ಸಾಕಾಗುತ್ತದೆಯೇ ಎಂದು ಕೇಳುವುದು ನಿಮ್ಮ ಮೊದಲ ಪ್ರಶ್ನೆಯಾಗಲಿ.

ತಾಯಿಯ ವಯಸ್ಸಿನಲ್ಲಿ ಯೋನಿ ಒಣಗಿ ಚರ್ಮ ತೆಳುವಾಗಿರುತ್ತದೆ. ಸಣ್ಣ ಸ್ಪೆಕ್ಯುಲಮ್ (ಯೋನಿ ಅಗಲಿಸಿ ಒಳಗೆ ನೋಡುವ ಉಪಕರಣ), ಸಾಕಷ್ಟು ಜೆಲ್ಲಿ ಇಲ್ಲದಿದ್ದರೆ ಪರೀಕ್ಷೆಗಿಂತ ಅದರ ಉರಿಯೇ ಹೆಚ್ಚು.

ಉಪವಾಸದ ಲೆಕ್ಕ: ಅರಿವಳಿಕೆಗೆ ಮೊದಲು ಗಟ್ಟಿ ಆಹಾರ, ಹಾಲು 6 ಗಂಟೆ ಬೇಡ, ತಿಳಿನೀರು 2 ಗಂಟೆ ಮೊದಲಿನವರೆಗೂ ಕುಡಿಯಬಹುದು, ಹಾಲು ಹಾಕದ ಚಾ ಕೂಡ. ಗಂಜಿಯ ತೆಳಿ ಮಾತ್ರ ನೀರಿನ ಹಾಗೆ ಕಂಡರೂ ಲೆಕ್ಕಕ್ಕೆ ಊಟವೇ. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಬಗ್ಗೆ ಹಿಂದಿನ ದಿನವೇ ಕೇಳಿಕೊಳ್ಳಬೇಕು. ‘ಸರದಿ ಎಷ್ಟು ಹೊತ್ತಿಗೆ?’ ಎಂದು ಬೆಳಗ್ಗೆಯೇ ಸಿಸ್ಟರ್ ಹತ್ತಿರ ಕೇಳಿ. ಮಧ್ಯಾಹ್ನಕ್ಕೆ ಹೋದರೆ ನೀರು ಕೊಡಬಹುದೇ ಎಂದೂ. ಹುಬ್ಬಳ್ಳಿಯಲ್ಲಿ ಮಾಡಿಸಿದರೆ ಅದೇ ಸಂಜೆ ಅರಬೈಲು ಘಟ್ಟ ಇಳಿಯುವ ಯೋಚನೆ ಬೇಡ. ಅರಿವಳಿಕೆಯ ಅಮಲಿಗೆ ಆ ತಿರುವು ಸೇರಿದರೆ ವಾಂತಿ ನಿಲ್ಲುವುದಿಲ್ಲ.

ಮಗಳ ಹೆರಿಗೆಯಲ್ಲಿ ಹೊಲಿಗೆ ಹಾಕುವಾಗ ಅವಳು ಕಿರುಚಿದ್ದು ಹೊರಗೆ ಕೇಳುತ್ತಿತ್ತು. ‘ಹೆರುವ ನೋವು ತಡ್ಕೊಂಡವಳಿಗೆ ಇದೇನು’ ಎಂದರಂತೆ. — ಕಾರವಾರ

ಆ ಮಾತಿಗೆ ಯಾವ ಪಠ್ಯದಲ್ಲೂ ಆಧಾರವಿಲ್ಲ. ತಲೆ ಒತ್ತುವಾಗ ಅಲ್ಲಿನ ಚರ್ಮ ಸ್ವಲ್ಪ ಮರಗಟ್ಟಿರುವುದು ನಿಜ, ಮಗು ಹೊರಬಂದ ಮೇಲೆ ಸ್ಪರ್ಶ ಮರಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಕ್ರಮ ಸರಳ: ಲಿಗ್ನೊಕೇನ್ ಚುಚ್ಚಿ, 2 ನಿಮಿಷ ಕಾದು, ಇಕ್ಕಳದಿಂದ ಚಿವುಟಿ ನೋಡಬೇಕು. ಗೊತ್ತಾದರೆ ಮತ್ತೆ 2 ನಿಮಿಷ ಕಾದು ಮತ್ತೆ ಚಿವುಟಬೇಕು. ಮಗು ಬರುವ ದಾರಿ ಅಗಲಿಸಲು ಕೊಯ್ಯುವಾಗ ಕೊಟ್ಟ ಇಂಜೆಕ್ಷನ್ ಹೊಲಿಯುವ ಹೊತ್ತಿಗೆ ಇಳಿದಿರಬಹುದು, ಅಥವಾ ಗಾಯ ಮರಗಟ್ಟಿದ ಜಾಗ ದಾಟಿ ಹರಿದಿರಬಹುದು. ಎರಡಕ್ಕೂ ಮತ್ತೆ ಕೊಡುವುದೇ ಮದ್ದು. ಇನ್ನು ಎಲ್ಲರಿಗೂ ಕೊಯ್ಯುವ ರೂಢಿಯೇ ಬೇಡವೆಂದು 2018ರಲ್ಲಿ ಅದೇ ಸಂಸ್ಥೆ ಹೇಳಿದೆ. ಸೊಸೆಯೋ ಮಗಳೋ ಮುಂದೆ ಹೆರಿಗೆಗೆ ಹೋಗುವುದಿದ್ದರೆ ಜೊತೆಗೊಬ್ಬ ಹೆಂಗಸು ಒಳಗಿರಲಿ. ಸರ್ಕಾರಿ ಹೆರಿಗೆ ಕೋಣೆಗಳ ‘ಲಕ್ಷ್ಯ’ ಕಾರ್ಯಕ್ರಮದಲ್ಲೇ ಅದಕ್ಕೆ ಅವಕಾಶವಿದೆ.

ನಾನು ಆಶಾ ಕಾರ್ಯಕರ್ತೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಕರೆದರೆ ಹೆಂಗಸರು ‘ನೋಯ್ತದೆ, ಬ್ಯಾಡ’ ಎಂದು ತಪ್ಪಿಸಿಕೊಳ್ಳುತ್ತಾರೆ. — ಸಿದ್ದಾಪುರ

ಈ ತಪಾಸಣೆಯಲ್ಲಿ ಕೊಯ್ಯುವುದು, ಕೆರೆಯುವುದು ಏನೂ ಇಲ್ಲ. ಹುಳಿನೀರಿನಂಥ ಅಸಿಟಿಕ್ ಆಮ್ಲ (ಶೇ. 3ರಿಂದ 5) ಹತ್ತಿಯಲ್ಲಿ ಹಚ್ಚಿ, ಒಂದು ನಿಮಿಷ ಬಿಟ್ಟು, ಬಿಳಿ ಕಲೆ ಏಳುತ್ತದೋ ನೋಡುವುದು. ಸ್ವಲ್ಪ ಚುರುಚುರು ಅನ್ನಬಹುದು. ಹೆಂಗಸರು ಹೆದರುವುದು ಸ್ಪೆಕ್ಯುಲಮ್‌ಗೆ, ಅದರಲ್ಲೂ ಮಳೆಗಾಲದ ನಿಮ್ಮೂರಲ್ಲಿ ಆ ಸ್ಟೀಲು ಬಾವಿನೀರಿನ ಹಾಗೆ ಕೊರೆಯುತ್ತದೆ. ಬೆಚ್ಚಗಿನ ನೀರಲ್ಲಿ ಅದ್ದಿ, ಕೈಗೆ ಮುಟ್ಟಿಸಿ ನೋಡಿಕೊಳ್ಳಲು ಸಿಸ್ಟರಿಗೆ ಹೇಳಿ. ಮೊದಲು ಮೂತ್ರಕ್ಕೆ ಹೋಗಿ ಬರಲಿ. ಒಂದೇ ಅಳತೆಯದನ್ನು ಎಲ್ಲರಿಗೂ ಹಾಕಬಾರದು. ಸೊಂಟ ಎತ್ತಿ ಹಿಡಿದರೆ ಸ್ನಾಯು ಬಿಗಿಯುತ್ತದೆ, ಬೆನ್ನು ಮೇಜಿಗೆ ತಾಗಿಸಿ ಉಸಿರು ಬಿಡುವಾಗ ಒಳಗೆ ಹೋಗಬೇಕು. ತೆಗೆಯುವಾಗ ಅಲಗು ಪೂರ್ತಿ ಮುಚ್ಚಿ ಎಳೆದರೆ ಚರ್ಮ ಸಿಕ್ಕಿ ಹಾಕಿಕೊಳ್ಳುತ್ತದೆ; ಸ್ವಲ್ಪ ತೆರೆದೇ ಈಚೆ ತರಬೇಕು.

ಮತ್ತೆ, ಮನೆಗೆ ಹೋದಾಗ ‘ಏನೂ ಆಗೂದಿಲ್ಲ’ ಎನ್ನಬೇಡಿ. ಸ್ವಲ್ಪ ಒತ್ತಿದ ಹಾಗೆ, ಸ್ವಲ್ಪ ಉರಿ, ಸಾಕು ಅಂದ ಕೂಡಲೇ ನಿಲ್ಲಿಸ್ತಾರೆ ಎನ್ನಿ. ಒಬ್ಬಳಿಗೆ ನಿಲ್ಲಿಸದೆ ಹೋದರೆ ಆ ಕೇರಿಯಿಂದ ಮತ್ತೆ ಯಾರೂ ಬರುವುದಿಲ್ಲ.

ಹೆಂಡತಿ ‘ನಿಲ್ಲಿಸಿ’ ಅಂದರೂ ನಿಲ್ಲಿಸಲಿಲ್ಲ. ಸಹಿ ಹಾಕಿದ್ದೀರಲ್ಲ ಎನ್ನುತ್ತಾರೆ. ದೂರು ಕೊಡಬಹುದೇ? — ಭಟ್ಕಳ

ಕೊಡಬಹುದು. ಸಹಿ ಹಾಕಿದ ಮೇಲೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು; ನಡುವೆ ನಿಲ್ಲಿಸಿದರೆ ಜೀವಕ್ಕೆ ಅಪಾಯ ಎಂಬ ಸಂದರ್ಭ ಬೇರೆ. ದೂರು ನಿಮ್ಮ ಹೆಸರಲ್ಲಿ ಬೇಡ, ಅವರ ಹೆಸರಲ್ಲೇ ಇರಲಿ, ನೋವು ಪಟ್ಟವರ ಮಾತಿಗೆ ತೂಕ ಹೆಚ್ಚು. ದಿನ, ಹೊತ್ತು, ಯಾವ ಚಿಕಿತ್ಸೆ, ಯಾವ ಔಷಧ ಕೊಟ್ಟರು, ನಿಲ್ಲಿಸಿ ಎಂದದ್ದು ಯಾವಾಗ, ಯಾರು ಏನಂದರು, ಇಷ್ಟನ್ನು ನೆನಪು ಮಾಸುವ ಮೊದಲು ಬರೆದಿಡಿ. ಚಿಕಿತ್ಸೆಯ ದಾಖಲೆಯ ಪ್ರತಿ ಬೇಕೆಂದು ಬರಹದಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದರಲ್ಲಿ ಲಿಗ್ನೊಕೇನ್ ಎಂದು ಬರೆದಿದೆಯೇ, ಎಷ್ಟು ಮಿಲಿ ಎಂದು ಬರೆದಿದೆಯೇ ನೋಡಿ. ಖಾಸಗಿ ಆಸ್ಪತ್ರೆಯಾದರೆ ಕಾರವಾರದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ, ಸರ್ಕಾರಿಯದಾದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗೆ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂಬ ಮುದ್ರೆ ಹಾಕಿಸಿಕೊಳ್ಳದೆ ಕಚೇರಿ ಬಾಗಿಲು ದಾಟಬೇಡಿ.