ಅವೆನ್ಯೂ ರಸ್ತೆಯ ಅನುಭವ ಟೊರೊಂಟೊದಲ್ಲೂ ನಡೆಯುತ್ತದೆ

ಆಗಸ್ಟ್ ಕೊನೆಗೆ ಟೊರೊಂಟೊಗೆ ಓದಲು ಬರುತ್ತಿದ್ದೇನೆ, ಬಿ.ಕಾಂ. ಮುಗಿಸಿದ್ದು ಬಿಟ್ಟರೆ ಯಾವ ಕೆಲಸದ ಅನುಭವವೂ ಇಲ್ಲ, ಅನುಭವ ಕೇಳದ ಕೆಲಸ ಸಿಗುತ್ತದೆಯೇ ಅಕ್ಕಾ ಎಂದು ಕೇಳಿದ್ದೀಯ. ಅದೇ ಪತ್ರದ ಕೊನೆಯಲ್ಲಿ, ಪ್ರತಿ ವರ್ಷ ಮೇ, ಜೂನ್ ತಿಂಗಳಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಚಿಕ್ಕಪ್ಪನ ಪುಸ್ತಕದಂಗಡಿಯಲ್ಲಿ ಕೂರುತ್ತೇನೆ ಎಂದೂ ಬರೆದಿದ್ದೀಯ. ತಂಗಿ, ಅದು ಅನುಭವವಲ್ಲದೆ ಇನ್ನೇನು?

ನಾನು ಹನುಮಂತನಗರದವಳು. ಈಗ ಟೊರೊಂಟೊದ ಒಂದು ದಿನಸಿ ಅಂಗಡಿಯಲ್ಲಿ ಮೇಲ್ವಿಚಾರಕಿ. ಕೆಲಸ ಕೇಳಿ ಬರುವ ಅರ್ಜಿಗಳನ್ನು ಮೊದಲು ನೋಡುವವಳು ನಾನೇ. ನಮ್ಮ ಕಡೆಯ ಮಕ್ಕಳ ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿ ಅಂಕದಿಂದ ಹಿಡಿದು ಅಪ್ಪನ ಹೆಸರಿನವರೆಗೆ ಎಲ್ಲವೂ ಇರುತ್ತದೆ, ಕೈಯಾರೆ ಮಾಡಿದ ಕೆಲಸ ಮಾತ್ರ ಇರುವುದಿಲ್ಲ. ಮನೆಯವರ ಅಂಗಡಿ, ಸಂಬಳವಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ ಎಂದುಕೊಂಡಿರುತ್ತಾರೆ. ಓದುವಾಗ ಹೊಟ್ಟೆ ಉರಿಯುತ್ತದೆ.

ಶಾಲೆ ಶುರುವಾಗುವ ವಾರ ಆ ಅಂಗಡಿಯಲ್ಲಿ ಏನು ನಡೆಯುತ್ತದೆ ಎಂದು ನೆನಪಿಸಿಕೊ. ಪೋಷಕರು ಶಾಲೆಯ ಪಟ್ಟಿಯನ್ನು ಮುಂದಿಡುತ್ತಾರೆ. ಆರನೇ ತರಗತಿಯ ಪಠ್ಯಪುಸ್ತಕಗಳು, ಎರಡು ಗೆರೆಯ ನೋಟ್‌ಬುಕ್ ಬೇರೆ, ನಾಲ್ಕು ಗೆರೆಯದ್ದು ಬೇರೆ, ಬ್ರೌನ್ ಪೇಪರ್, ಲೇಬಲ್. ಒಂದು ಪುಸ್ತಕ ಮುಗಿದುಹೋಗಿದೆ. ಸೋಮವಾರ ಬರುತ್ತದೆ ಎಂದು ಹೇಳಿ ಹೆಸರು, ನಂಬರ್ ಬರೆದುಕೊಳ್ಳುತ್ತೀಯ. ಹಿಂದೆ ನಿಂತವರು ರೇಗುತ್ತಿರುತ್ತಾರೆ. ಒಬ್ಬರದು ಯುಪಿಐ, ಇನ್ನೊಬ್ಬರದು ನಗದು. ರಾತ್ರಿ ಶಟರ್ ಎಳೆಯುವ ಮೊದಲು ಲೆಕ್ಕ ತಾಳೆಯಾಗಬೇಕು. ಇದನ್ನೇ ನಾಲ್ಕು ಸಾಲಿನಲ್ಲಿ ಬರೆ: ಪಟ್ಟಿಯಂತೆ ಸರಕು ಜೋಡಿಸಿಕೊಡುವುದು, ಬಿಲ್ಲು ಹಾಕಿ ಹಣ ಪಡೆಯುವುದು, ದಾಸ್ತಾನು ನೋಡಿಕೊಳ್ಳುವುದು, ದಿನದ ಲೆಕ್ಕ ತಾಳೆ ನೋಡುವುದು. ಯಾವ ವರ್ಷ, ಯಾವ ತಿಂಗಳು ಎಂದೂ ಹಾಕು. ತಮಿಳು ಬರುತ್ತದೆ ಎಂದಿದ್ದೀಯಲ್ಲ, ಅದನ್ನು ಬಿಡಬೇಡ. ಟೊರೊಂಟೊದಲ್ಲಿ ತಮಿಳರು ಹೆಚ್ಚಿರುವ ಸ್ಕಾರ್‌ಬರೋ ಕಡೆಯ ಅಂಗಡಿಗಳಲ್ಲಿ ಅದಕ್ಕೆ ಬೆಲೆಯಿದೆ. ಮಾಡದ ಕೆಲಸವನ್ನು ಒಂದು ಸಾಲೂ ಸೇರಿಸಬೇಡ, ಎರಡು ಪ್ರಶ್ನೆ ಕೇಳಿದರೆ ಗೊತ್ತಾಗಿಬಿಡುತ್ತದೆ. ಫೋಟೊ, ವಯಸ್ಸು, ಜಾತಿ, ಮದುವೆಯ ವಿಷಯ ಯಾವುದೂ ಬೇಡ. ಒಂದು ಪುಟ ಸಾಕು.

ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಇಪ್ಪತ್ತೈದು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಜಾಹೀರಾತಿನಲ್ಲಿ ‘ಕೆನಡಾದ ಅನುಭವ ಕಡ್ಡಾಯ’ ಎಂದು ಕೇಳುವಂತಿಲ್ಲ. ಈ ಕಾನೂನು ಎಷ್ಟೋ ವರ್ಷ ಮೊದಲೇ ಬರಬೇಕಿತ್ತು. ಹಾಗೆಂದು ಕೆಲಸ ತಾನಾಗಿ ಬರುವುದಿಲ್ಲ. ಈಗ ಪೈಪೋಟಿ ಬಹಳ. ದಿನಸಿ ಅಂಗಡಿ, ಕಾಫಿ ಅಂಗಡಿ, ಔಷಧಿ ಅಂಗಡಿ, ಗೋದಾಮು, ಇವುಗಳಲ್ಲಿ ಕಲಿಸಿ ತೆಗೆದುಕೊಳ್ಳುತ್ತಾರೆ. ವರ್ಷದ ಕೊನೆಯ ಹಬ್ಬದ ವ್ಯಾಪಾರಕ್ಕೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜನ ಹುಡುಕುತ್ತಾರೆ, ಆದ್ದರಿಂದ ನೀನು ಬರುವ ಸಮಯ ಚೆನ್ನಾಗಿದೆ. ಆನ್‌ಲೈನ್ ಅರ್ಜಿ ಹಾಕು, ಜೊತೆಗೆ ಗಿರಾಕಿ ಕಡಿಮೆಯಿರುವ ಮಧ್ಯಾಹ್ನದ ಹೊತ್ತು ಅಂಗಡಿಗೇ ಹೋಗಿ ಮೇಲ್ವಿಚಾರಕರನ್ನು ಕಾಣು. ಶನಿವಾರ, ಭಾನುವಾರ ಬರಬಲ್ಲೆ ಎನ್ನುವವರನ್ನು ನಾನು ಮೊದಲು ಕರೆಯುತ್ತೇನೆ. ಕಾಲೇಜಿನ ಗ್ರಂಥಾಲಯ, ಕ್ಯಾಂಟೀನುಗಳಲ್ಲೂ ವಿಚಾರಿಸು. ಆವರಣದೊಳಗಿನ ಕೆಲಸಕ್ಕೆ ಗಂಟೆಗಳ ಮಿತಿಯಿಲ್ಲ.

ಆವರಣದ ಹೊರಗೆ ಮಿತಿಯಿದೆ: ತರಗತಿ ನಡೆಯುವಾಗ ವಾರಕ್ಕೆ 24 ಗಂಟೆ. ತರಗತಿ ಶುರುವಾಗುವ ಮೊದಲು ಒಂದು ದಿನವೂ ದುಡಿಯುವಂತಿಲ್ಲ. ಬಂದ ಕೂಡಲೇ ಸಿನ್ ಸಂಖ್ಯೆಗೆ (ಇಲ್ಲಿ ದುಡಿಯಲು ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಅರ್ಜಿ ಹಾಕು, ಅದು ಉಚಿತ. ಕೆಲಸ ಸಿಕ್ಕ ಮೇಲಷ್ಟೇ ಅದನ್ನು ಮಾಲೀಕರಿಗೆ ಕೊಡು, ಅರ್ಜಿಯಲ್ಲಿ ಬರೆಯಬೇಡ. 2025ರ ಅಕ್ಟೋಬರ್‌ನಿಂದ ಇಲ್ಲಿಯ ಕನಿಷ್ಠ ಕೂಲಿ ಗಂಟೆಗೆ 17.60 ಡಾಲರ್. 24 ಗಂಟೆಗೆ 422 ಡಾಲರ್ ಆಯಿತು, ಕಡಿತಕ್ಕೆ ಮೊದಲು. ಇದರಲ್ಲಿ ಊಟ, ಬಸ್ಸು, ಬಾಡಿಗೆಯ ಒಂದು ಪಾಲು ನಡೆಯಬಹುದು. ಕಾಲೇಜಿನ ಶುಲ್ಕವನ್ನೂ ಇದರಲ್ಲೇ ಕಟ್ಟುತ್ತೇನೆ ಎಂದು ಅಪ್ಪ ಅಮ್ಮನಿಗೆ ಮಾತು ಕೊಡಬೇಡ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆ ಮಾತು ಉಳಿಸಿಕೊಳ್ಳಲು ಮಿತಿ ಮೀರಿ, ದಾಖಲೆಯಿಲ್ಲದ ನಗದು ಕೂಲಿಗೆ ದುಡಿಯುವ ಮಕ್ಕಳನ್ನು ನೋಡಿದ್ದೇನೆ. ಸಿಕ್ಕಿಬಿದ್ದರೆ ಹೋಗುವುದು ಓದಿನ ಪರವಾನಗಿಯೇ.

ಬೆಂಗಳೂರಿನ ಏಜೆಂಟರೊಬ್ಬರು ‘ಕೆಲಸ ಗ್ಯಾರಂಟಿ’ ಎಂದು ಹೇಳಿ ಒಂದೂವರೆ ಲಕ್ಷ ಕೇಳಿದ್ದಾರೆ ಎಂದಿದ್ದೀಯ. ಒಂದು ರೂಪಾಯಿಯನ್ನೂ ಕೊಡಬೇಡ. ಹೊರದೇಶದವರಿಂದ ಕೆಲಸ ಕೊಡಿಸಲು ಹಣ ಪಡೆಯುವುದು ಒಂಟಾರಿಯೊದಲ್ಲಿ ಕಾನೂನಿಗೆ ವಿರುದ್ಧ. ಇಲ್ಲಿಗೆ ಬಂದ ಮೇಲೂ ‘ಮೂರು ದಿನ ಸುಮ್ಮನೆ ಕೆಲಸ ಮಾಡಿ ತೋರಿಸು’ ಎನ್ನುವವರು ಸಿಗುತ್ತಾರೆ. ತರಬೇತಿಯ ಗಂಟೆಗೂ ಕೂಲಿ ಕೊಡಲೇಬೇಕು. ಕೊಡುವುದಿಲ್ಲ ಎಂದರೆ ಎದ್ದು ಬಾ.

ಕಾಯಂ ವಾಸದ ಬಗ್ಗೆಯೂ ಕೇಳಿದ್ದೀಯ. ಪೂರ್ಣಾವಧಿ ಓದುವಾಗ ಮಾಡಿದ ಕೆಲಸವಾಗಲಿ, ಗಲ್ಲಾದಲ್ಲಿ ಕೂರುವ ಕೆಲಸವಾಗಲಿ ಇಲ್ಲಿ ದುಡಿದ ಅನುಭವದ ಮೇಲೆ ಕಾಯಂ ವಾಸ ಕೇಳುವ ‘ಕೆನೇಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್’ ದಾರಿಗೆ ಲೆಕ್ಕಕ್ಕೆ ಬರುವುದಿಲ್ಲ. ಅದರ ಯೋಚನೆ ಓದು ಮುಗಿದ ಮೇಲೆ.

ಹೊರಡುವ ಮೊದಲು ಎರಡು ಕೆಲಸ ಮಾಡು. ಚಿಕ್ಕಪ್ಪನಿಂದ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನ ಪತ್ರ ಬರೆಸಿಕೊ. ಸಂಬಂಧಿಕರಲ್ಲದ ಒಬ್ಬರ ಮಾತೂ ಬೇಕು, ನಿನ್ನ ಕಾಲೇಜಿನ ಮೇಷ್ಟ್ರನ್ನು ಒಪ್ಪಿಸು. ಇಬ್ಬರದೂ ಫೋನ್ ನಂಬರ್ ಜೊತೆಗೆ ಇಮೇಲ್ ಇರಲಿ. ಇಲ್ಲಿ ಮಧ್ಯಾಹ್ನ ಎರಡಾದಾಗ ಅಲ್ಲಿ ರಾತ್ರಿ ಹನ್ನೊಂದೂವರೆ, ಯಾರೂ ಫೋನ್ ಎತ್ತುವುದಿಲ್ಲ. ಅರ್ಜಿ ಬರೆದು ನನಗೆ ಕಳುಹಿಸು, ತಿದ್ದಿಕೊಡುತ್ತೇನೆ.