ಸವೆದ ಟೈರು, ದೂರದ ಪ್ರಯಾಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನ ಕಾರಿಗೆ ಈಗ ಆರು ವರ್ಷ ತುಂಬಿದೆ, 48,000 ಕಿಲೋಮೀಟರ್ ಓಡಿದೆ. ನಾಲ್ಕೂ ಟೈರುಗಳು ಕಾರಿನ ಜೊತೆಗೇ ಬಂದವು. ಮುಂದಿನ ವಾರ ನಾವು ಐದು ಮಂದಿ, ಸಾಮಾನು ಸಮೇತ, ಹೋಗಿಬರುವುದೂ ಸೇರಿ ಸುಮಾರು 1,600 ಕಿಲೋಮೀಟರ್ ಪ್ರಯಾಣ ಮಾಡಬೇಕಾಗಿದೆ. ಅಳತೆ ಮಾಡಿಸಿದಾಗ ಹಿಂದಿನ ಟೈರುಗಳಲ್ಲಿ 4 ಮಿಲಿಮೀಟರ್, ಮುಂದಿನವುಗಳ ನಡುಭಾಗದಲ್ಲಿ 2.5 ಮತ್ತು ಒಳ ಅಂಚಿನಲ್ಲಿ 1.8 ಮಿಲಿಮೀಟರ್ ಗ್ರಿಪ್ ಉಳಿದಿದೆ ಎಂದು ತಿಳಿಯಿತು. ಕಾನೂನಿನ ಮಿತಿ 1.6 ಮಿಲಿಮೀಟರ್ ಆದ್ದರಿಂದ ಈ ಪ್ರಯಾಣ ಮುಗಿಸಿ ಬಂದ ಮೇಲೆ ಬದಲಿಸಿದರೆ ಸಾಕೆಂಬುದು ನನ್ನ ಲೆಕ್ಕ. ಓಡಿಸುವಾಗ ಯಾವ ತೊಂದರೆಯೂ ಕಂಡಿಲ್ಲ, ಬ್ರೇಕ್ ಕೂಡ ಚೆನ್ನಾಗಿ ಹಿಡಿಯುತ್ತದೆ. ಹೊರಡುವ ಮೊದಲೇ ಬದಲಿಸಬೇಕೆಂದು ನನ್ನ ಮಗಳು ಹಟ ಹಿಡಿದಿದ್ದಾಳೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಮಗಳ ಮಾತೇ ಸರಿ. ದಯವಿಟ್ಟು ಹೊರಡುವ ಮೊದಲೇ ಬದಲಿಸಿ.

ಓಡಿಸುವಾಗ ತೊಂದರೆ ಕಂಡಿಲ್ಲ ಎಂದು ನೀವು ಬರೆದಿರುವುದು ನಿಜವೇ ಇರಬೇಕು, ಆದರೆ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ. ಒಣ ರಸ್ತೆಯಲ್ಲಿ ಸವೆದ ಟೈರು ಹೊಸದರಷ್ಟೇ ಚೆನ್ನಾಗಿ, ಕೆಲವೊಮ್ಮೆ ಅದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಟೈರಿನ ಮೇಲ್ಮೈಯ ತೋಡುಗಳ ಆಳ (ನೀವು ಗ್ರಿಪ್ ಎಂದದ್ದು ಇದನ್ನೇ) ತಗ್ಗಿದಷ್ಟೂ ರಬ್ಬರು ಕಡಿಮೆ ಬಾಗುತ್ತದೆ, ನೆಲಕ್ಕೆ ಹೆಚ್ಚು ತಾಗುತ್ತದೆ. ಹಾಗಾಗಿ ದಿನವೂ ಒಣ ರಸ್ತೆಯಲ್ಲಿ ಓಡಾಡುವವರಿಗೆ ಟೈರಿನ ಕೊರತೆ ಗೊತ್ತಾಗುವುದೇ ಇಲ್ಲ. ಆ ತೋಡುಗಳಿರುವುದು ನೀರಿಗಾಗಿ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಟೈರು ನೆಲಕ್ಕೆ ತಾಗುವ ಪಟ್ಟಿಯ ಅಗಲ 18 ಸೆಂಟಿಮೀಟರ್, ರಸ್ತೆಯ ಮೇಲೆ ನಿಂತಿರುವ ನೀರು 2 ಮಿಲಿಮೀಟರ್, ಕಾರಿನ ವೇಗ ಗಂಟೆಗೆ 100 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಸಾಗುತ್ತದೆ. ಎಂದರೆ ಮುಂದಿನ ಒಂದೊಂದು ಟೈರೂ ಪ್ರತಿ ಸೆಕೆಂಡಿಗೆ ಹತ್ತಿರಹತ್ತಿರ 10 ಲೀಟರ್ ನೀರನ್ನು ತನ್ನ ದಾರಿಯಿಂದ ಸರಿಸಬೇಕು. ತುಂಬಿದ ಒಂದು ಬಕೆಟ್ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗೈಯಷ್ಟು ಜಾಗದ ಕೆಳಗಿನಿಂದ ಹೊರಹೋಗಬೇಕು. ಹೊಸ ಟೈರಿನಲ್ಲಿ 8 ಮಿಲಿಮೀಟರಿನಷ್ಟು ಆಳವಿರುವ ತೋಡುಗಳು ಇದಕ್ಕೆ ದಾರಿ ಕೊಡುತ್ತವೆ. ಅದೇ ತೋಡು ಎರಡು ಮಿಲಿಮೀಟರಿಗೆ ಇಳಿದಾಗ ಹೊರಹೋಗಲು ಜಾಗ ಸಾಲದೆ ನೀರು ಟೈರಿನ ಮುಂದೆ ಒತ್ತರಿಸಿಕೊಂಡು ಕೊನೆಗೆ ಅದರ ಅಡಿಗೇ ನುಗ್ಗುತ್ತದೆ, ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ.

ಆ ಗಳಿಗೆಯನ್ನು ನಾನು ಒಮ್ಮೆ ಅನುಭವಿಸಿದ್ದೇನೆ. ಹಲವು ವರ್ಷಗಳ ಹಿಂದೆ ನಿಮ್ಮ ಹಾಗೆಯೇ ಲೆಕ್ಕ ಹಾಕಿ ಸವೆದ ಟೈರುಗಳಲ್ಲಿ ಹೊರಟಿದ್ದೆ. ಮಳೆ ನಿಂತು ಅರ್ಧ ಗಂಟೆಯಾಗಿತ್ತು, ರಸ್ತೆಯ ಒಂದು ತಗ್ಗಿನಲ್ಲಿ ಮಾತ್ರ ತೆಳುವಾಗಿ ನೀರು ನಿಂತಿತ್ತು. ಅದರ ಮೇಲೆ ಹಾಯುತ್ತಿದ್ದಂತೆ ಟೈರಿನ ಸದ್ದು ಅಡಗಿತು, ಕೈಯಲ್ಲಿದ್ದ ಸ್ಟೀರಿಂಗ್‌ಗೆ ತೂಕವೇ ಇಲ್ಲದಂತಾಯಿತು, ಎಂಜಿನ್ನಿನ ದನಿ ಮಾತ್ರ ಏರಿತು. ಇಷ್ಟೆಲ್ಲ ನಡೆದದ್ದು ಬಹುಶಃ ಎರಡು ಸೆಕೆಂಡುಗಳಲ್ಲಿ. ಎದುರಿಗೆ ವಾಹನವಿರಲಿಲ್ಲ, ರಸ್ತೆ ನೇರವಾಗಿತ್ತು, ಹಾಗಾಗಿ ಈ ಉತ್ತರ ಬರೆಯುತ್ತಿದ್ದೇನೆ. ಅಂಥ ಹೊತ್ತಿನಲ್ಲಿ ಬ್ರೇಕ್ ಒತ್ತದೆ, ಸ್ಟೀರಿಂಗ್ ತಿರುಗಿಸದೆ, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯುವುದೊಂದೇ ಉಪಾಯ.

ಇನ್ನು 1.6 ಮಿಲಿಮೀಟರಿನ ವಿಚಾರ. ಹಲವು ದೇಶಗಳ ಕಾನೂನು ಈ ಅಂಕಿಯನ್ನು ಒಪ್ಪಿಕೊಂಡಿದೆ, ಟೈರಿನ ತೋಡುಗಳ ತಳದಲ್ಲಿ ಅಡ್ಡಲಾಗಿ ಇರುವ ಸಣ್ಣ ರಬ್ಬರ್ ದಿಣ್ಣೆಗಳ ಎತ್ತರವೂ ಇಷ್ಟೇ. ಅದಕ್ಕಿಂತ ಕೆಳಗಿಳಿದರೆ ಟೈರು ರಸ್ತೆಗೆ ಯೋಗ್ಯವಲ್ಲ ಎಂಬುದು ಅದರ ಅರ್ಥ. ಅಲ್ಲಿಯವರೆಗೆ ಎಲ್ಲವೂ ಕ್ಷೇಮ ಎಂದಲ್ಲ. ಒದ್ದೆ ರಸ್ತೆಯಲ್ಲಿ ಕಾರು ನಿಲ್ಲಲು ಬೇಕಾಗುವ ದೂರ 3 ಮಿಲಿಮೀಟರಿಗಿಂತ ಕೆಳಗೆ ಬೇಗಬೇಗ ಬೆಳೆಯುತ್ತದೆ. ದೂರದ ಪ್ರಯಾಣಕ್ಕೆ ಹೊರಡುವವರಿಗೆ ನಾನು ಹೇಳುವ ಮಿತಿ ಅದೇ 3 ಮಿಲಿಮೀಟರ್, ಮತ್ತು ಅದನ್ನು ನೋಡಬೇಕಾದದ್ದು ಟೈರು ಅತಿ ಹೆಚ್ಚು ಸವೆದಿರುವ ಜಾಗದಲ್ಲಿ. ನಿಮ್ಮ ಟೈರಿನ ಅಳತೆ 2.5 ಅಲ್ಲ, 1.8.

ಆ 1.8 ಕೂಡ ನಿಮ್ಮ ಪ್ರಯಾಣ ಮುಗಿಯುವವರೆಗೆ ಉಳಿಯುವುದಿಲ್ಲ. ಹೊಸದಾಗಿದ್ದಾಗ 8 ಮಿಲಿಮೀಟರ್ ಇತ್ತೆಂದರೆ ಒಳ ಅಂಚು 48,000 ಕಿಲೋಮೀಟರಿನಲ್ಲಿ 6.2 ಮಿಲಿಮೀಟರ್ ಸವೆದಿದೆ. 1,600 ಕಿಲೋಮೀಟರಿಗೆ ಸುಮಾರು 0.2 ಮಿಲಿಮೀಟರ್. ನೀವು ಮನೆಗೆ ಮರಳುವ ಹೊತ್ತಿಗೆ ಸರಿಯಾಗಿ ಆ ಮಿತಿಯ ಮೇಲೆ ನಿಂತಿರುತ್ತೀರಿ. ಅದೂ ಸವೆತ ಮೊದಲಿನಿಂದ ಒಂದೇ ಸಮನಾಗಿತ್ತು ಎಂದುಕೊಂಡರೆ. ಒಂದೇ ಅಂಚು ಹೀಗೆ ಸವೆಯುವುದು ಸಾಮಾನ್ಯವಾಗಿ ವೀಲ್ ಅಲೈನ್‌ಮೆಂಟ್ ತಪ್ಪಿದ ಮೇಲೆ, ಆಮೇಲಿನ ಸವೆತ ಸರಾಸರಿಗಿಂತ ಚುರುಕಾಗಿರುತ್ತದೆ.

ಇದನ್ನು ಕೈಯಿಂದಲೇ ಪರೀಕ್ಷಿಸಬಹುದು. ಕಾರು ನಿಲ್ಲಿಸಿ, ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಟೈರಿನ ಮೇಲ್ಮೈಯ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ, ಮತ್ತೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣುಪಾಗಿ ಜಾರುವ ಕೈಗೆ ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಚಕ್ರಗಳು ನೇರವಾಗಿ ಉರುಳದೆ ಓರೆಯಾಗಿ ಉಜ್ಜಿಕೊಂಡು ಓಡುತ್ತಿವೆ ಎಂದು ತಿಳಿಯಬೇಕು. ಎರಡೂ ಅಂಚುಗಳು ಸವೆದು ನಡು ಉಳಿದಿದ್ದರೆ ಬಹಳ ಕಾಲ ಗಾಳಿ ಕಡಿಮೆಯಿತ್ತು, ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಿತ್ತು. ಅಲ್ಲಲ್ಲಿ ತಗ್ಗುಗಳಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರುಗಳನ್ನೂ ಬ್ಯಾಲೆನ್ಸಿಂಗನ್ನೂ ನೋಡಿಸಬೇಕು. ಮೂಲ ದೋಷವನ್ನು ಸರಿಪಡಿಸದೆ ಹೊಸ ಟೈರು ಹಾಕಿಸಿದರೆ ಅದೂ ಹೀಗೆಯೇ ಸವೆಯುವುದು ಖಂಡಿತ. ಆದ್ದರಿಂದ ಟೈರು ಬದಲಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ.

ಬದಲಿಸಬೇಕಾದ್ದು ಎಷ್ಟು ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಿರಬಹುದು. ಮುಂದಿನ ಎರಡನ್ನು ಬದಲಿಸಲೇಬೇಕು. ಆದರೆ ಹೊಸ ಟೈರುಗಳನ್ನು ಹಿಂದಕ್ಕೆ ಹಾಕಿಸಿ, ಹಿಂದೆ ಇರುವ 4 ಮಿಲಿಮೀಟರಿನವನ್ನು ಮುಂದಕ್ಕೆ ತರಿಸಿ. ಇದನ್ನು ಕೇಳಿ ಅನೇಕರು ಅಚ್ಚರಿಪಡುತ್ತಾರೆ, ಎಂಜಿನ್ನಿನ ಬಲವೂ ಸ್ಟೀರಿಂಗೂ ಮುಂದೆ ಇರುವಾಗ ಒಳ್ಳೆಯ ಟೈರು ಅಲ್ಲಿರಬೇಡವೇ ಎಂದು ವಾದಿಸುವವರೂ ಇದ್ದಾರೆ. ಒದ್ದೆ ತಿರುವಿನಲ್ಲಿ ಮುಂದಿನ ಟೈರು ಜಾರಿದರೆ ಕಾರು ತಿರುಗದೆ ನೇರಕ್ಕೆ ಸಾಗುತ್ತದೆ. ಕಾಲು ಸಡಿಲಿಸಿದರೆ ವೇಗ ಇಳಿದು ಹಿಡಿತ ಮರಳುವ ಸಾಧ್ಯತೆ ಇರುತ್ತದೆ. ಹಿಂದಿನದು ಜಾರಿದರೆ ಕಾರು ತನ್ನ ಸುತ್ತಲೇ ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ನುರಿತವರಿಗೂ ಕಷ್ಟ. ನಿಮ್ಮ ಕಾರು ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವಂಥದ್ದಾಗಿದ್ದರೆ ಮಾತ್ರ ನಾಲ್ಕೂ ಟೈರುಗಳ ಆಳ ಹತ್ತಿರಹತ್ತಿರ ಒಂದೇ ಇರಬೇಕಾಗುತ್ತದೆ, ಆಗ ನಾಲ್ಕನ್ನೂ ಬದಲಿಸುವುದು ಸರಿ.

ಹೊರಡುವ ದಿನ ಬೆಳಿಗ್ಗೆ ಟೈರು ಹಾಕಿಸಿಕೊಂಡು ನೇರ ಹೆದ್ದಾರಿಗೆ ಇಳಿಯಬೇಡಿ. ಹೊಸ ಟೈರಿನ ಮೇಲ್ಪದರ ಮೊದಲು ಸ್ವಲ್ಪ ಜಾರುತ್ತದೆ, ಒಂದಷ್ಟು ದೂರ ನಿಧಾನವಾಗಿ ಓಡಿದ ಮೇಲೆ ಅದರ ಹಿಡಿತ ಪೂರ್ತಿಯಾಗಿ ಬರುತ್ತದೆ. ನಾಲ್ಕೈದು ದಿನ ಮೊದಲೇ ಹಾಕಿಸಿ, ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಚಕ್ರದ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಿಸಿ. ಐದು ಮಂದಿ ಮತ್ತು ಸಾಮಾನಿನ ಭಾರಕ್ಕೆ ಎಷ್ಟು ಗಾಳಿ ಇರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗಾಳಿಯ ಅಂಕಿ ಆ ಟೈರು ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ನೀವು ತುಂಬಿಸಬೇಕಾದ ಪ್ರಮಾಣವಲ್ಲ.

ಪ್ರಶ್ನೆ: ನಮ್ಮ ಕಾರು ಹೆಚ್ಚಾಗಿ ಮನೆಯಲ್ಲೇ ನಿಂತಿರುತ್ತದೆ. ಎಂಟು ವರ್ಷಗಳಲ್ಲಿ 11,000 ಕಿಲೋಮೀಟರ್ ಮಾತ್ರ ಓಡಿದೆ. ಟೈರಿನ ಗ್ರಿಪ್ ಹೊಸದರಂತಿದೆ, ಆದರೂ ಬದಲಿಸಿ ಎನ್ನುತ್ತಾರೆ. ಇದು ಬರೀ ವ್ಯಾಪಾರದ ಮಾತೇ?

ಉತ್ತರ: ವ್ಯಾಪಾರದ ಮಾತೂ ಇರಬಹುದು, ಆದರೆ ಅದರಲ್ಲಿ ತಿರುಳಿದೆ. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್, ಬಿಸಿಲು, ತಾಪ ಇವೆಲ್ಲ ಅದನ್ನು ಒಣಗಿಸಿ ಗಡುಸು ಮಾಡುತ್ತವೆ. ಇದನ್ನು ತಡೆಯಲೆಂದೇ ರಬ್ಬರಿನಲ್ಲಿ ಒಂದು ಬಗೆಯ ಮೇಣವನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಾಗುತ್ತಿದ್ದಾಗ ಅದು ಒಳಗಿನಿಂದ ಮೇಲ್ಮೈಗೆ ಚೆನ್ನಾಗಿ ಬರುತ್ತದೆ. ನಿಂತೇ ಇರುವ ಟೈರಿಗೆ ಆ ರಕ್ಷಣೆ ಕಡಿಮೆ.

ಟೈರಿನ ನಿಜವಾದ ವಯಸ್ಸನ್ನು ನೀವೇ ಓದಬಹುದು. ಪಕ್ಕದ ಗೋಡೆಯಲ್ಲಿ ‘ಡಿಒಟಿ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2317 ಎಂದಿದ್ದರೆ 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕೆಲವೊಮ್ಮೆ ಈ ಅಂಕಿಗಳು ಒಳಬದಿಯ ಗೋಡೆಯಲ್ಲಿ ಮಾತ್ರ ಇರುತ್ತವೆ, ಬಗ್ಗಿ ನೋಡಬೇಕು. ಐದು ವರ್ಷ ದಾಟಿದ ಟೈರುಗಳನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷಿಸಬೇಕು, ಹತ್ತು ವರ್ಷವಾದವು ಎಷ್ಟೇ ಚೆನ್ನಾಗಿ ಕಂಡರೂ ತೆಗೆಯಬೇಕು ಎಂಬುದು ಟೈರು ತಯಾರಕರಲ್ಲಿ ಹಲವರು ಹೇಳುವ ಮಾತು. ನಿಮ್ಮ ಟೈರುಗಳ ಪಕ್ಕದಲ್ಲಿ, ತೋಡುಗಳ ತಳದಲ್ಲಿ, ಒಣಗಿದ ಕೆರೆಯ ಮಣ್ಣಿನಂತೆ ಸಣ್ಣ ಬಿರುಕುಗಳು ಕಂಡರೆ ಹತ್ತು ವರ್ಷಕ್ಕೆ ಕಾಯಬೇಡಿ. ಕಾಣದಿದ್ದರೂ ಎಂಟು ವರ್ಷದ ಟೈರಿನಲ್ಲಿ ಬಿಸಿಲಿನ ಹೊತ್ತು ತುಂಬಿದ ಕಾರನ್ನು ಗಂಟೆಗಟ್ಟಲೆ ವೇಗವಾಗಿ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಅಷ್ಟೇ ವಯಸ್ಸಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಅದರಲ್ಲಿ ಗಾಳಿ ಇದೆಯೇ ಎಂದು ಕೊನೆಯ ಬಾರಿ ನೋಡಿದ್ದು ಯಾವಾಗ?

ಪ್ರಶ್ನೆ: ಮುಂಜಾನೆ 33 ಪಿಎಸ್‌ಐ ಗಾಳಿ ತುಂಬಿಸಿ ಹೊರಟಿದ್ದೆ. ಮೂರು ಗಂಟೆ ಓಡಿದ ಮೇಲೆ ನೋಡಿದರೆ 37 ಇತ್ತು. ಟೈರು ಸಿಡಿದೀತೆಂದು ಹೆದರಿ ನಾಲ್ಕರಲ್ಲೂ ಗಾಳಿ ಬಿಟ್ಟೆ. ಮಾಡಿದ್ದು ಸರಿಯೇ?

ಉತ್ತರ: ಸರಿಯಲ್ಲ. ಓಡುವಾಗ ಟೈರು ಕಾದು ಒಳಗಿನ ಗಾಳಿಯ ಒತ್ತಡ ನಾಲ್ಕೈದು ಪಿಎಸ್‌ಐ ಏರುವುದು ಸಹಜ, ಟೈರನ್ನು ಅದಕ್ಕೆ ತಕ್ಕಂತೆಯೇ ಮಾಡಿರುತ್ತಾರೆ. ಬಿಸಿಯಾಗಿದ್ದಾಗ ಗಾಳಿ ಬಿಟ್ಟರೆ ತಣ್ಣಗಾದಾಗ ಅದು ಬೇಕಾದ್ದಕ್ಕಿಂತ ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ, ಹೆಚ್ಚು ಕಾದು, ಒಳಗಿನ ಎಳೆಗಳು ಸಡಿಲವಾಗುತ್ತವೆ. ನೀವು ಹೆದರಿದ ಸಿಡಿತಕ್ಕೆ ಇದೇ ದೊಡ್ಡ ಕಾರಣ. ಕಾರು ಮೂರು ಗಂಟೆಯಾದರೂ ನಿಂತ ಮೇಲೆ, ಟೈರು ತಣ್ಣಗಿದ್ದಾಗ ಅಳೆದು ಮತ್ತೆ 33ಕ್ಕೆ ತುಂಬಿಸಿ.

ಪ್ರಶ್ನೆ: ಗುಂಡಿಗೆ ಬಿದ್ದ ಮೇಲೆ ಟೈರಿನ ಪಕ್ಕದಲ್ಲಿ ಹೆಬ್ಬೆರಳ ತುದಿಯಷ್ಟು ಉಬ್ಬು ಬಂದಿದೆ. ಗಾಳಿ ಇಳಿಯುತ್ತಿಲ್ಲ. ಪಂಕ್ಚರ್ ಹಾಕುವವರಲ್ಲಿ ಸರಿಮಾಡಿಸಬಹುದೇ?

ಉತ್ತರ: ಆಗದು. ಗೋಡೆಯೊಳಗಿನ ಎಳೆಗಳು ತುಂಡಾಗಿ, ಗಾಳಿಯನ್ನು ಬರೀ ರಬ್ಬರು ಹಿಡಿದುಕೊಂಡಿರುವ ಜಾಗವೇ ಆ ಉಬ್ಬು. ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದ್ದರೆ ಪ್ಯಾಚ್ ಹಾಕಬಹುದು, ಪಕ್ಕದ ಗೋಡೆಗೆ ಯಾವ ಪ್ಯಾಚೂ ನಿಲ್ಲುವುದಿಲ್ಲ. ಈ ಪತ್ರಿಕೆ ಕೈಗೆ ಬರುವಷ್ಟರಲ್ಲಿ ಇನ್ನೂ ಬದಲಿಸಿರದಿದ್ದರೆ ಆ ಚಕ್ರವನ್ನು ಬಿಚ್ಚಿ ಸ್ಟೆಪ್ನಿ ಹಾಕಿಕೊಂಡೇ ಟೈರಿನ ಅಂಗಡಿಗೆ ಹೋಗಿ.