ದೊಡ್ಡ ಫ್ಯಾಕ್ಟರಿಗೆ ಕಾಯಬೇಡಿ

ಸುತ್ತ ಶೇಂಗಾ ಬೆಳೆಯುವ ಸಣ್ಣ ತಾಲ್ಲೂಕು ಕೇಂದ್ರ, ಹುಡುಗರೆಲ್ಲ ಬೆಂಗಳೂರು ಬಸ್ ಹತ್ತುತ್ತಿದ್ದಾರೆ, ಊರಿಗೆ ದೊಡ್ಡ ಫ್ಯಾಕ್ಟರಿ ತರಿಸುವುದು ಹೇಗೆ ಅಂತ ಕೇಳಿದ್ದೀರಿ. ಫ್ಯಾಕ್ಟರಿಗೆ ಸುಮ್ನೆ ಕಾಯಬೇಡಿ ಸರ್. ಬ್ಯಾಡಗಿ ನೋಡಿ. ಅಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಇದೆ, ಅದನ್ನೇ ನಂಬಿ ಕೋಲ್ಡ್ ಸ್ಟೋರೇಜ್, ಪುಡಿ ಮಾಡುವ ಮಿಲ್ಲು, ಕಾಯಿಯಿಂದ ಬಣ್ಣ ತೆಗೆಯುವ ಘಟಕ ಎಲ್ಲ ಬಂದವು. ರಾಶಿ ಮುಂದೆ ಕೂತು ತೊಟ್ಟು ಬಿಡಿಸುವ ಕೆಲಸದಲ್ಲೇ ಎಷ್ಟೋ ಹೆಂಗಸರ ಮನೆ ನಡೆಯುತ್ತದೆ.

ನಿಮ್ಮ ಶೇಂಗಾ ಚೀಲದಲ್ಲೇ ಹೊರಗೆ ಹೋಗುತ್ತಿದೆ, ಅಲ್ವಾ? ಗಾಣದೆಣ್ಣೆ, ಚಿಕ್ಕಿ, ಶೇಂಗಾ ಚಟ್ನಿಪುಡಿಯಿಂದ ಶುರು ಮಾಡಬಹುದು. ಇಂಥ ಸಣ್ಣ ಆಹಾರ ಘಟಕಗಳಿಗಂತಲೇ 2020ರಲ್ಲಿ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆ ಬಂತು. ಘಟಕದ ವೆಚ್ಚದಲ್ಲಿ ಅದು ಕೊಡುವ ಶೇ 35 ಸಹಾಯಧನಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿ, ಒಟ್ಟು 15 ಲಕ್ಷದವರೆಗೆ ಕೊಟ್ಟಿದೆ, ಆದರೆ ಬ್ಯಾಂಕ್ ಸಾಲ ಆಗಲೇಬೇಕು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ.

ಇನ್ನೊಂದು, ಇದು ಯೋಜನೆಗಿಂತ ಜಾಸ್ತಿ ಮುಖ್ಯ. ನಮ್ಮೂರಲ್ಲಿ ಒಬ್ಬ ಹುಡುಗ ಗಾಣ ತಂದು ಕೂರಿಸಿದ, ತ್ರೀ ಫೇಸ್ ಕರೆಂಟ್ ಸಿಗುವುದಕ್ಕೆ ಆರು ತಿಂಗಳು ಅಲೆದ, ಅಷ್ಟೂ ದಿನ ಸಾಲದ ಕಂತು ಮಾತ್ರ ತಪ್ಪಲಿಲ್ಲ. ಅವನ ಜೊತೆ ನಾಲ್ಕು ಜನ ಆಫೀಸಿಗೆ ಹೋಗಿದ್ದರೆ ಬೇಗ ಆಗುತ್ತಿತ್ತು ಅಂತ ನನಗೆ ಈಗಲೂ ಬೇಜಾರು. ನಿಮ್ಮೂರಲ್ಲಿ ಮೊದಲು ಗಾಣ ಕೂರಿಸುವವರ ಜೊತೆ ನೀವು ಆಫೀಸಿಗೆ ಹೋಗಿ, ಅವರ ಎಣ್ಣೆಯನ್ನೇ ಹಾಸ್ಟೆಲ್, ಖಾನಾವಳಿಯವರು ಕೊಳ್ಳುವ ಹಾಗೆ ಮಾತಾಡಿ.